ಎರಡು ವಾರ ತಡವಾಗಿ ಬಂದ ತೆನೆ ಹಬ್ಬ

ಸೆಪ್ಟೆಂಬರ್ 8 ನಮ್ಮ ಮಂಗಳೂರು ಕಡೆಯ ಕಥೋಲಿಕರಿಗೆ ಮೊಂತಿ ಹಬ್ಬ, ಮಾತೆ ಮರಿಯಮ್ಮನ ಹುಟ್ಟುಹಬ್ಬ. ನೇತ್ರಾವತಿ ದಡದ ಫರಂಗಿಪೇಟೆಯಲ್ಲಿರುವ ಮೊಂತಿ ಮರಿಯಾನೊ ಚರ್ಚಿನಿಂದ ಈ ಹೆಸರು ಬಂತು ಅಂತಾರೆ. ಒಂಬತ್ತು ದಿನ ಮಕ್ಕಳು ಹೂ ತಂದು ಮರಿಯಮ್ಮನಿಗೆ ಹಾಕುತ್ತಾರೆ. ಹಬ್ಬದ ದಿನ ಫಾದರ್ ಆಶೀರ್ವದಿಸಿ ಕೊಟ್ಟ ತೆನೆಯನ್ನು ಮನೆಗೆ ತಂದು, ಅದರ ಅಕ್ಕಿಯನ್ನು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯವರೆಲ್ಲ ಕುಡಿಯುತ್ತೇವೆ. ದೂರದಲ್ಲಿರುವವರ ಪಾಲು ಬೇರೆಯೇ ತೆಗೆದಿಡುತ್ತಾರೆ.

ನನ್ನ ಪಾಲು ಕುವೈತಿಗೆ ಬಂದದ್ದು ಎರಡು ವಾರ ಕಳೆದ ಮೇಲೆ, ರಜೆ ಮುಗಿಸಿ ಬಂದ ಊರಿನವರೊಬ್ಬರ ಬ್ಯಾಗಿನಲ್ಲಿ. ಕಾಗದದ ಸಣ್ಣ ಪೊಟ್ಟಣ, ಮೇಲೆ ಅಮ್ಮನ ಅಕ್ಷರದಲ್ಲಿ ನನ್ನ ಹೆಸರು. ಬಿಚ್ಚಿದರೆ ಒಂದು ಚಮಚದಷ್ಟು ಪುಡಿ, ಅದರಲ್ಲೊಂದು ಚೂರು ಉಮಿ ಅಂಟಿಕೊಂಡಿತ್ತು. ಆ ಉಮಿಯನ್ನು ಎಸೆಯಲು ಮನಸ್ಸಾಗಲಿಲ್ಲ, ಬೈಬಲ್ ಒಳಗೆ ಇಟ್ಟೆ.

ರಾತ್ರಿ ಡ್ಯೂಟಿ ಮುಗಿಸಿ ಬಂದಿದ್ದೆ, ಸೊಂಟ ಬಿದ್ದು ಹೋಗಿತ್ತು, ಆದರೂ ಅವತ್ತು ಶುಕ್ರವಾರ, ರೂಮಿನವರೆಲ್ಲ ಇದ್ದರು, ಹಾಗಾಗಿ ಮಲಗದೆ ಅಡುಗೆಗೆ ನಿಂತೆ. ಈ ಹಬ್ಬದ ಊಟ ಸಸ್ಯಾಹಾರ, ತರಕಾರಿ ಪದಾರ್ಥ ಬೆಸ ಸಂಖ್ಯೆಯಲ್ಲೇ ಇರಬೇಕು. ಕೆಸುವಿನ ದಂಟು, ಅಮಟೆಕಾಯಿ ಕುವೈತಿನ ಅಬ್ಬಾಸಿಯಾ ಪ್ರದೇಶದಲ್ಲಿ ನನಗೆ ಸಿಗಲಿಲ್ಲ. ಹರಿವೆ, ಬೆಂಡೆ, ಹೀರೇಕಾಯಿ ಸಿಕ್ಕಿತು. ಮೂರಾಯಿತಲ್ವಾ, ಸಾಕು.

ಪಾಯಸದ ಪಾತ್ರೆಗೆ ಆ ಪುಡಿ ಹಾಕಿ ಕಲಸಿದೆ. ಕ್ಷಣದಲ್ಲಿ ಮಾಯ. ಹುಡುಕಿದರೂ ಕಾಣುವುದಿಲ್ಲ, ಆದರೆ ಯಾವ ಲೋಟ ತುಂಬಿದರೂ ಅದರಲ್ಲಿ ಅದು ಇದ್ದೇ ಇದೆ. ಅಲ್ಲೇ ಒಲೆ ಮುಂದೆ ನನ್ನ ಕಣ್ಣು ತುಂಬಿತು. ದೇವರ ಶಕ್ತಿ ಅಂದರೆ ದೊಡ್ಡ ಅದ್ಭುತವೇ ಆಗಬೇಕು ಅಂತ ತುಂಬಾ ವರ್ಷ ಕಾದವಳು ನಾನು. ಲೂಕನ ಶುಭಸಂದೇಶದಲ್ಲಿ ಮರಿಯಮ್ಮ, ಶಕ್ತನಾದವನು ನನಗೆ ದೊಡ್ಡ ಕಾರ್ಯ ಮಾಡಿದ್ದಾನೆ ಅಂತ ಹಾಡುವಾಗ ಅವಳು ನಜರೇತಿನ ಒಬ್ಬ ಬಡ ಹುಡುಗಿ, ಬಂಧುವಾದ ಎಲಿಜಬೇತಳ ಮನೆಗೆ ಬಂದು ನಿಂತಿದ್ದಾಳೆ, ಅಷ್ಟೇ. ಹಿಂದಿನ ರಾತ್ರಿ ನಾಲ್ಕು ಗಂಟೆಗೆ ನಾನು ಒಬ್ಬರು ಅಜ್ಜನ ಮೈ ಒರೆಸಿ ಬಟ್ಟೆ ಬದಲಿಸಿದ್ದೆ. ಅವರು ನನ್ನ ಕೈ ಹಿಡಿದು ಅರಬಿಯಲ್ಲಿ ಏನೋ ಹರಸಿದರು. ಅಷ್ಟು ಸುಸ್ತಿನಲ್ಲೂ ನನ್ನ ಕೈ ಒರಟಾಗಲಿಲ್ಲ. ಆ ತಾಳ್ಮೆ ನನ್ನದಲ್ಲ, ನನಗೆ ಗೊತ್ತು.

ಊಟಕ್ಕೆ ಮೊದಲು ಮೇಣದ ಬತ್ತಿ ಹಚ್ಚಿ ಪ್ರಾರ್ಥನೆ ಮಾಡಿದೆವು. ಕುಂದಾಪುರದ ಹುಡುಗಿ ಲೋಟ ಕಣ್ಣಿಗೊತ್ತಿಕೊಂಡು, "ಅಕ್ಕ, ನಮ್ಮನೆಯಲ್ಲೂ ಹೊಸಕ್ಕಿ ಊಟ ಮಾಡ್ತೇವೆ, ಊರು ಬಿಟ್ಟ ಮೇಲೆ ಇದೇ ಮೊದಲು" ಅಂದಳು. ಕೆಳಗಿನ ವಾಚ್‌ಮನ್‌ಗೂ ಒಂದು ಲೋಟ ಕೊಟ್ಟು ಬಂದೆವು.

ಸಂಜೆ ಅಮ್ಮನ ಫೋನ್. "ಎಲ್ರಿಗೂ ಸಿಕ್ತಾ? ಎಷ್ಟು ಜನ ಇದ್ರಿ?"

"ಏಳು ಜನ ಅಮ್ಮ."

"ಹಾಗಾದ್ರೆ ಬರುವ ವರ್ಷ ಪೊಟ್ಟಣದ ಮೇಲೆ ಏಳು ಹೆಸರೂ ಬರೀತೇನೆ, ಎಲ್ಲರದ್ದೂ ಹೇಳು" ಅಂದರು. ಪೆನ್ನು ಹುಡುಕುವ ಸದ್ದು ಕೇಳಿಸಿತು.