ಎಂಟು ಮಿಲಿಮೀಟರ್‌ಗೆ ಇಷ್ಟೆಲ್ಲಾ

ಈ ವಿಷಯ ಬಂದಾಗಲೆಲ್ಲ ನನ್ನ ಹೆಂಡತಿ ಹೆಬ್ಬೆರಳು, ತೋರುಬೆರಳು ಹತ್ತಿರ ತಂದು ಸಣ್ಣ ಸಂದು ಮಾಡಿ ತೋರಿಸುತ್ತಾಳೆ. "ಇಷ್ಟಕ್ಕೆ" ಅನ್ನುತ್ತಾಳೆ. ಆ ಸಂದು 8 ಮಿಲಿಮೀಟರ್. ವ್ಯಾನಿಗೆ ದೊಡ್ಡ ಚಕ್ರ ಹಾಕಿಸಿದ ಮೇಲೆ ನಮಗೆ ಸಿಕ್ಕ ಎತ್ತರ ಅಷ್ಟೇ.

ನಾವಿರುವುದು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ. ವ್ಯಾನ್ 2012ರ ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್ ಟಿ5. ಹಿಂದಿನ ಮಾಲೀಕ ಒಳಗೆ ಮಂಚ, ಒಲೆ, ಸಿಂಕ್ ಎಲ್ಲ ಕೂರಿಸಿ ಕ್ಯಾಂಪರ್ ಮಾಡಿಸಿದ್ದ. ಶುಕ್ರವಾರ ಸಂಜೆ ಪುಳಿಯೋಗರೆ ಗೊಜ್ಜು, ಕುಕ್ಕರ್, ಮಕ್ಕಳಿಬ್ಬರನ್ನು ತುಂಬಿಕೊಂಡು ಎಂ4 ಹೆದ್ದಾರಿ ಹಿಡಿದರೆ ಎರಡೂವರೆ ಗಂಟೆಯಲ್ಲಿ ವೇಲ್ಸ್‌ನ ಗೋವರ್ ಕಡಲತೀರ.

ಅಲ್ಲೇ ಒಂದು ಹೊಲದಲ್ಲಿ ಸಿಕ್ಕಿಹಾಕಿಕೊಂಡೆವು. ರಾತ್ರಿಯಿಡೀ ಮಳೆ. ಬೆಳಿಗ್ಗೆ ಹೊರಡೋಣ ಅಂತ ಗೇರ್ ಹಾಕಿದರೆ ಮುಂದಿನ ಎರಡು ಚಕ್ರ ನಿಂತಲ್ಲೇ ಗಿರ್ರನೆ ಸುತ್ತಿದವು. ನಮ್ಮ ಟಿ5ಗೆ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ನಾವು ತುಂಬಿದ್ದೆಲ್ಲ ಹಿಂದೆ. ಮುಂದೆ ಭಾರ ಕಮ್ಮಿ, ಕೆಳಗೆ ಒದ್ದೆ ಹುಲ್ಲು. ಹೊಲದ ಯಜಮಾನ ಟ್ರ್ಯಾಕ್ಟರ್ ತಂದು ಎಳೆದ. ದುಡ್ಡು ಬೇಡ ಅಂದ. ಆದರೆ ಮಗಳು ಅದನ್ನು ವಿಡಿಯೋ ಮಾಡಿದಳು. ಅದು ದುಡ್ಡಿಗಿಂತ ಜಾಸ್ತಿ ಆಯಿತು.

ವಾಪಸ್ ಬರುವ ದಾರಿಯಲ್ಲೇ ತೀರ್ಮಾನ ಮಾಡಿಬಿಟ್ಟೆ. ಚಕ್ರ ಚಿಕ್ಕದು, ಅದಕ್ಕೇ ಹೀಗಾಗಿದ್ದು. ನಿಜ ಹೇಳಬೇಕೆಂದರೆ, 16 ಇಂಚಿನ ಆ ಕಬ್ಬಿಣದ ಚಕ್ರ ನೋಡಿದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನೆಪ ಬೇಕಿತ್ತು, ಸಿಕ್ಕಿತು.

ಮುಂದಿನ ವಾರ ಸೆಕೆಂಡ್ ಹ್ಯಾಂಡ್‌ನಲ್ಲಿ 18 ಇಂಚಿನ ನಾಲ್ಕು ಅಲಾಯ್ ಚಕ್ರ ತಂದೆ. ಆಡಿ ಕಾರಿನದ್ದು, ಟೈರ್ ಸಮೇತ. ಆಡಿ, ಫೋಕ್ಸ್‌ವ್ಯಾಗನ್ ಒಂದೇ ಮನೆಯವು, ಐದು ಬೋಲ್ಟ್ ಇದ್ದೇ ಇದೆ, ಇನ್ನೇನು ಅಂತ ಧೈರ್ಯ. ಮಾರಿದವನು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜಾಕ್ ಹಾಕಿ ಹಳೆ ಚಕ್ರ ಬಿಚ್ಚಿ, ಹೊಸದನ್ನು ಎತ್ತಿ ಇಟ್ಟೆ. ನಡುವಿನ ದೊಡ್ಡ ತೂತು ಹಬ್ (ವ್ಯಾನಿನಲ್ಲಿ ಚಕ್ರ ಕೂರುವ ಗುಂಡು ಭಾಗ) ಮೇಲೆ ಸಲೀಸಾಗಿ ಕೂತಿತು. ಖುಷಿಯಾಯಿತು. ಬೋಲ್ಟ್ ಹಾಕೋಣ ಅಂತ ಬಗ್ಗಿ ನೋಡಿದರೆ, ಚಕ್ರದ ತೂತಿನ ಹಿಂದೆ ಹಬ್ಬಿನ ತೂತು ಪೂರ್ತಿ ಕಾಣಿಸುತ್ತಿಲ್ಲ. ಗ್ರಹಣ ಹಿಡಿಯಲು ಶುರುವಾದ ಚಂದ್ರನ ಹಾಗೆ ಒಂದು ಅಂಚು ಮರೆ. ಐದೂ ತೂತು ಹಾಗೇ. ಟಿ5ರ ಐದು ಬೋಲ್ಟ್ 120 ಮಿ.ಮೀ. ಅಡ್ಡಳತೆಯ ವೃತ್ತದ ಮೇಲಿವೆ, ಆಡಿಯದ್ದು 112ರಲ್ಲಿ. ಒಂದೊಂದು ತೂತಿಗೂ 4 ಮಿ.ಮೀ. ವ್ಯತ್ಯಾಸ. ಟಿ5ಗಿಂತ ಹಿಂದಿನ ಟಿ4 ವ್ಯಾನ್ ಆಗಿದ್ದರೆ 112 ಸರಿಹೋಗುತ್ತಿತ್ತು. ನನ್ನ ಹಣೆಬರಹ.

ಆ ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ಹಾಸನದಲ್ಲಿದ್ದಾರೆ, ಮೂವತ್ತು ವರ್ಷ ಬಸ್ ಓಡಿಸಿ ರಿಟೈರ್ ಆದವರು. ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.

"ಚಕ್ರ ಬಿಡು. ಟೈರ್ ಎಷ್ಟು ಲೋಡ್ ತಡೀತದೆ ನೋಡ್ದೇನೋ?"

"ಇಲ್ಲಪ್ಪಾ. ಟೈರ್ ಚೆನ್ನಾಗೇ ಇದೆ, ಗ್ರಿಪ್ ಇನ್ನೂ ಸವೆದಿಲ್ಲ."

"ಚೆನ್ನಾಗಿರೋದು ಬೇರೆ ಕಣೋ, ತಡೆಯೋದು ಬೇರೆ. ಹೆಂಡ್ತಿ ಮಕ್ಕಳ್ನ ಕೂರಿಸ್ಕೊಂಡು ಹೋಗ್ತೀಯ ಅಲ್ವಾ?"

ಫೋನ್ ಇಟ್ಟು ಟಾರ್ಚ್ ಹಿಡಿದು ಶೆಡ್ಡಿಗೆ ಹೋದೆ. ಟೈರಿನ ಪಕ್ಕದಲ್ಲಿ ಅಳತೆ ಆದಮೇಲೆ ಒಂದು ಸಣ್ಣ ನಂಬರ್ ಇರುತ್ತದೆ. ಅದು ಲೋಡ್ ನಂಬರ್. ನಾನು ತಂದಿದ್ದ ಆಡಿ ಟೈರಿನಲ್ಲಿ 95 ಅಂತಿತ್ತು. ಅಂದರೆ ಒಂದು ಟೈರ್ 690 ಕೆ.ಜಿ. ಹೊರುತ್ತದೆ. ನಮ್ಮ ಹಳೆ ಟೈರಿನ ಅಳತೆ 205/65 ಆರ್16 ಸಿ, ಲೋಡ್ ನಂಬರ್ 107/105. ಎರಡನೆಯದು ಲಾರಿ ಥರ ಹಿಂದೆ ಜೋಡಿ ಚಕ್ರ ಇರುವವರಿಗೆ. ನಮಗೆ ಲೆಕ್ಕ ಮೊದಲನೆಯದು, 107. ಅಂದರೆ 975 ಕೆ.ಜಿ. ಕೊನೆಯ 'ಸಿ' ಅಂದರೆ ಕಮರ್ಷಿಯಲ್, ಸರಕು ವ್ಯಾನಿನ ಗಟ್ಟಿ ಟೈರ್. ನಾನು ಹೀಯಾಳಿಸುತ್ತಿದ್ದ ಕಬ್ಬಿಣದ ಚಕ್ರದ ಮೇಲೆ ಇಷ್ಟು ವರ್ಷ ಕೂತಿದ್ದು ಇದು.

ಮಾರನೇ ಶನಿವಾರ ವ್ಯಾನನ್ನು ಪ್ರವಾಸಕ್ಕೆ ಹೊರಟ ಹಾಗೇ ತುಂಬಿ ತೂಕದ ಕಟ್ಟೆಗೆ ಒಯ್ದೆ. ನೀರಿನ ಟ್ಯಾಂಕ್ ಫುಲ್, ಗ್ಯಾಸ್, ಹಾಸಿಗೆ, ಅಕ್ಕಿ ಡಬ್ಬ, ನಾವು ನಾಲ್ಕು ಜನ. ಒಟ್ಟು 2,640 ಕೆ.ಜಿ. ವ್ಯಾನಿನ ಮಿತಿ 2,800. ಹಿಂದಿನ ಆಕ್ಸಲ್ ಮೇಲೆ ಮಾತ್ರ 1,340. ಅಂದರೆ ಹಿಂದಿನ ಒಂದೊಂದು ಟೈರ್ ಮೇಲೆ 670. 690 ಹೊರುವ ಟೈರ್ ಹಾಕಿ, ಒಳಗೆ ಮಕ್ಕಳನ್ನು ಮಲಗಿಸಿಕೊಂಡು, ಗುಂಡಿ ಬಿದ್ದ ಹಳ್ಳಿ ರಸ್ತೆಯಲ್ಲಿ ಹೋಗುವುದು! ತೂಕದ ಚೀಟಿ ಅಪ್ಪನಿಗೆ ವಾಟ್ಸ್ಯಾಪ್ ಮಾಡಿದೆ. "ಹ್ಞೂಂ" ಅಂತ ಒಂದೇ ಪದ ಬಂತು.

ಆಡಿ ಚಕ್ರಗಳನ್ನು 60 ಪೌಂಡ್ ಲಾಸ್ ಮಾಡಿಕೊಂಡು ಮಾರಿದೆ. ಕೊಂಡವನಿಗೆ ಮೊದಲೇ 112 ಅಂತ ಹೇಳಿದೆ.

ಆಮೇಲೆ ಹುಡುಕಿದ್ದು ಟಿ5 ಆದಮೇಲೆ ಬಂದ ಟಿ6 ವ್ಯಾನಿಗೆ ಕಂಪನಿಯೇ ಹಾಕಿ ಕೊಡುತ್ತಿದ್ದ 17 ಇಂಚಿನ ಅಲಾಯ್. ಬೋಲ್ಟ್ ವೃತ್ತ ಅದೇ 120, ಹಬ್ ಮೇಲೆ ಕೂರುವ ನಡುವಿನ ತೂತೂ ನಮ್ಮದರಷ್ಟೇ, 65.1 ಮಿ.ಮೀ. ಟೈರ್ 215/60 ಆರ್17 ಸಿ, ಲೋಡ್ 109. ಒಂದೊಂದು 1,030 ಕೆ.ಜಿ. ಹೊರುತ್ತದೆ. ಇನ್ನೂ ದೊಡ್ಡ ಟೈರ್, ಕಾಡಿಗೆ ಹೋಗುವ ಜೀಪಿನ ಥರದ್ದು, ಹಾಕುವವರೂ ಇದ್ದಾರೆ. ಅದಕ್ಕೆ ಸ್ಪ್ರಿಂಗ್ ಎತ್ತರಿಸಬೇಕು, ಪ್ಲಾಸ್ಟಿಕ್ ಕತ್ತರಿಸಬೇಕು. ಎಂಜಿನ್ನಿಗೂ ಏರಿನಲ್ಲಿ ಕಷ್ಟ. ಚಕ್ರ ದೊಡ್ಡದಾದಷ್ಟೂ ಪ್ರತಿ ಗೇರೂ ಸ್ವಲ್ಪ ಉದ್ದವಾದ ಹಾಗೆ. ನಮ್ಮದು 102 ಕುದುರೆಯ ಎಂಜಿನ್. ಬೇಡ ಅನ್ನಿಸಿತು.

ಹೊಸ ಚಕ್ರದ ಅಗಲ 7 ಇಂಚು, ಹಳೆಯದು ಆರೂವರೆ. ಹಬ್ ಮೇಲೆ ಕೂರುವ ಜಾಗವೂ ಸ್ವಲ್ಪ ಬೇರೆ. ಲೆಕ್ಕ ಹಾಕಿದರೆ ಚಕ್ರದ ಹೊರ ಅಂಚು 2 ಮಿ.ಮೀ. ಆಚೆ ಬರುತ್ತದೆ, ಒಳ ಅಂಚು 10 ಮಿ.ಮೀ. ಒಳಗೆ ಹೋಗುತ್ತದೆ. ಒಳಗಡೆ ಸಸ್ಪೆನ್ಷನ್ ಕಂಬ ಇದೆ. ತಾಗುತ್ತದಾ? ಕಾಗದದ ಲೆಕ್ಕ ತಾಗಲ್ಲ ಅನ್ನುತ್ತಿತ್ತು. ಮೊದಲೇ ಒಂದು ಸಲ ಸುಟ್ಟುಕೊಂಡವನು ನಾನು. ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಎರಡು ಉಂಡೆ ತಂದು ಕಂಬಕ್ಕೆ ಮೆತ್ತಿದೆ. ಚಕ್ರ ಹಾಕಿ, ವ್ಯಾನ್ ಇಳಿಸಿ, ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದೆ. ಮೆಲ್ಲಗೆ ಒಂದು ಸುತ್ತು ಓಡಿಸಿ, ಮತ್ತೆ ಎತ್ತಿ ಬಿಚ್ಚಿ ನೋಡಿದೆ. ಉಂಡೆಯ ಮೇಲೆ ನನ್ನ ಬೆರಳಚ್ಚು ಬಿಟ್ಟರೆ ಬೇರೆ ಗುರುತಿಲ್ಲ. ಆ ರಾತ್ರಿ ಎರಡು ಚಪಾತಿ ಕಮ್ಮಿ. ಯಾರಿಗೆ ಕಮ್ಮಿ ಅಂತ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ, ಬೋಲ್ಟ್. ಇದನ್ನು ಯಾರೂ ಹೇಳಲ್ಲ. ಚಕ್ರದ ಜೊತೆ ಮಾರಿದವನು ಒಂದು ಪೊಟ್ಟಣದಲ್ಲಿ ಹೊಳೆಯುವ ಬೋಲ್ಟ್ ಪುಕ್ಕಟೆ ಕೊಟ್ಟಿದ್ದ. ನಮ್ಮ ಹಳೆ ಬೋಲ್ಟ್ ಪಕ್ಕದಲ್ಲಿ ಅಂಗೈ ಮೇಲಿಟ್ಟು ನೋಡಿದೆ. ದಪ್ಪ ಒಂದೇ, ತಿರುಪಿನ ಸುತ್ತು ಒಂದೇ. ಆದರೆ ತಲೆಯ ಕೆಳಗಿನ ಭಾಗ ನಮ್ಮದು ಗುಂಡಗಿದೆ, ಪುಕ್ಕಟೆಯದ್ದು ಬುಗುರಿಯ ಹಾಗೆ ಇಳಿಜಾರು. ಈ ಚಕ್ರದ ಬೋಲ್ಟ್ ಕೂರುವ ಗುಳಿ ಗುಂಡಗಿದೆ. ಬುಗುರಿ ತಲೆ ಅಲ್ಲಿ ಒಂದು ಸಣ್ಣ ಗೆರೆಯಷ್ಟೇ ತಾಗುತ್ತದೆ. ಬಿಗಿ ಆದ ಹಾಗೆ ಕಾಣುತ್ತದೆ, ಓಡುತ್ತಾ ಓಡುತ್ತಾ ಸಡಿಲ ಆಗುತ್ತದೆ. ಹಳೆ ಬೋಲ್ಟನ್ನೇ ತಂತಿ ಬ್ರಷ್‌ನಲ್ಲಿ ಉಜ್ಜಿ ಹಾಕಿದೆ. ಟಾರ್ಕ್ ಸ್ಪ್ಯಾನರ್‌ನಲ್ಲಿ (ಎಷ್ಟು ಬಿಗಿ ಆಯಿತು ಅಂತ ಅಳೆಯುವ ಸ್ಪ್ಯಾನರ್) 180 ನ್ಯೂಟನ್ ಮೀಟರ್. 50 ಮೈಲಿ ಓಡಿಸಿ ಮತ್ತೊಮ್ಮೆ ನೋಡಿದೆ, ಯಾವುದೂ ಅಲ್ಲಾಡಿರಲಿಲ್ಲ. ಪುಕ್ಕಟೆ ಬೋಲ್ಟ್ ಕಸಕ್ಕೆ.

ಇನ್ಶೂರೆನ್ಸಿನವರಿಗೆ ಫೋನ್ ಮಾಡಿ ಹೇಳಿದೆ. ಬರೆದುಕೊಂಡರು, ಜಾಸ್ತಿ ದುಡ್ಡು ಕೇಳಲಿಲ್ಲ.

ಹೊಸ ಟೈರಿನ ಅಡ್ಡಳತೆ 690 ಮಿ.ಮೀ., ಹಳೆಯದು 673. ಎರಡೂವರೆ ಪರ್ಸೆಂಟ್ ದೊಡ್ಡದು. ಮೊದಲು ಸ್ಪೀಡೋಮೀಟರ್ 70 ಮೈಲಿ ತೋರಿಸುವಾಗ ಜಿಪಿಎಸ್ 67 ಅನ್ನುತ್ತಿತ್ತು. ಈಗ ಹತ್ತಿರ ಹತ್ತಿರ 69. ಇಲ್ಲಿನ ಕಾನೂನಿನಲ್ಲಿ ಮೀಟರ್ ಜಾಸ್ತಿ ತೋರಿಸಬಹುದು, ಕಮ್ಮಿ ತೋರಿಸುವ ಹಾಗಿಲ್ಲ. ಬಚಾವ್. ಆದರೆ ಮೊದಲ ತಿಂಗಳು ಡೀಸೆಲ್ ಲೆಕ್ಕ ಹಾಕಿ ಬೇಜಾರಾಯಿತು. ಗ್ಯಾಲನ್‌ಗೆ 36 ಮೈಲಿ ಕೊಡುತ್ತಿದ್ದ ವ್ಯಾನ್ 35ಕ್ಕೆ ಇಳಿದಿತ್ತು. ಎರಡು ದಿನ ಆದಮೇಲೆ, ಪಾತ್ರೆ ತೊಳೆಯುವಾಗ ಹೊಳೆಯಿತು. ಚಕ್ರ ದೊಡ್ಡದಾದ್ದರಿಂದ ಮೀಟರ್ 100 ಮೈಲಿ ಎಣಿಸುವಷ್ಟರಲ್ಲಿ ವ್ಯಾನ್ ನೂರಾ ಎರಡೂವರೆ ಓಡಿರುತ್ತದೆ. ಮೈಲೇಜ್ ಎಲ್ಲೂ ಹೋಗಿಲ್ಲ.

ಇನ್ನು ಕೆಸರು. ಟೈರಿನ ಅಡ್ಡಳತೆ 17 ಮಿ.ಮೀ. ಹೆಚ್ಚಾದರೆ ವ್ಯಾನ್ ಏರುವುದು ಅದರಲ್ಲಿ ಅರ್ಧ. ಹಾಗಾಗಿ 8 ಚಿಲ್ಲರೆ. ಆದರೂ ಮಾರ್ಚ್‌ನಲ್ಲಿ ಅದೇ ಗೋವರ್, ಅದೇ ಹೊಲ, ಅದೇ ಮಳೆ, ವ್ಯಾನ್ ಎದ್ದು ಬಂತು. ಒಂದು ಸಲ ಜಾರಿತು, ಆಮೇಲೆ ಹಿಡಿಯಿತು. ನಾನು ಚಕ್ರದ ಸೈಜಿನ ಬಗ್ಗೆ ಭಾಷಣ ಶುರು ಮಾಡಿದೆ. ಹೆಂಡತಿ ಇಳಿದು ಟೈರ್ ನೋಡಿದಳು. ಈ ಸಲ ನಾನು ಕೊಂಡಿದ್ದು ಆಲ್ ಸೀಸನ್ ಟೈರ್, ಪಕ್ಕದಲ್ಲಿ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರುವಂಥದ್ದು. ಅದರ ರಬ್ಬರ್ ಮೆದು, ಗೀರುಗಳು ಹತ್ತಿರ ಹತ್ತಿರ, ಒಂದೊಂದರಲ್ಲೂ ಹಸಿ ಹುಲ್ಲು ಸಿಕ್ಕಿಕೊಂಡಿತ್ತು. ಹಳೆಯದು ಬೇಸಿಗೆ ಟೈರ್, ಅದೂ ಸವೆದಿದ್ದು.

"ಇದನ್ನೇ ಹಳೆ ಚಕ್ರಕ್ಕೆ ಹಾಕಿಸಿದ್ರೆ ಆಗ್ತಿರ್ಲಿಲ್ವಾ?" ಅಂದಳು.

ಆಗುತ್ತಿತ್ತು. ಈ ಟೈರ್ 16 ಇಂಚಿಗೂ ಸಿಗುತ್ತದೆ. ಅಲಾಯ್ ದುಡ್ಡು ಪೂರ್ತಿ ಉಳಿಯುತ್ತಿತ್ತು. ಆದರೆ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಹೋಗುವಾಗ ನಾನು ಒಂದು ಸಲ ತಿರುಗಿ ನೋಡುತ್ತೇನಲ್ಲ, ಅದು ಸುಮ್ನೆ ಬರುತ್ತದಾ?

ಅಪ್ಪ ಮೊನ್ನೆ ಸ್ಟೆಪ್ನಿ ಬಗ್ಗೆ ಕೇಳಿದರು. ವ್ಯಾನಿನ ಅಡಿಯಲ್ಲಿ ಇನ್ನೂ ಹಳೆ 16 ಇಂಚಿನದ್ದೇ ಇದೆ. ಮುಂದೆ ಪಂಚರ್ ಆದರೆ ಏನು ಮಾಡ್ತೀಯ ಅಂದರು. ಹಿಂದಿನ ಒಳ್ಳೆ ಚಕ್ರ ಮುಂದಕ್ಕೆ ಹಾಕಿ ಸ್ಟೆಪ್ನಿ ಹಿಂದಕ್ಕೆ ಹಾಕ್ತೀನಿ ಅಂದೆ. ಎಂಜಿನ್ ಎಳೆಯುವ ಕಡೆ ಒಂದು ದೊಡ್ಡದು ಒಂದು ಚಿಕ್ಕದು ಇದ್ದರೆ, ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಸುಮ್ಮನೆ ಕೆಲಸ. "ಪರವಾಗಿಲ್ಲ, ಕಲ್ತಿದೀಯ" ಅಂದರು. ಮಳೆಯಲ್ಲಿ ಎರಡು ಸಲ ಜಾಕ್ ಹಾಕಬೇಕು ಅನ್ನುವುದನ್ನು ಇಬ್ಬರೂ ಆಡಲಿಲ್ಲ.

ಹಳೆ ಕಬ್ಬಿಣದ ಚಕ್ರ ನಾಲ್ಕೂ ಶೆಡ್ಡಿನಲ್ಲಿವೆ. ಸೈಕಲ್ ಇಡಲು ಜಾಗ ಇಲ್ಲ ಅಂತ ಮಗಳು ದಿನಾ ಗೊಣಗುತ್ತಾಳೆ. ಸ್ವಿಂಡನ್ ಹತ್ತಿರ ಯಾರಿಗಾದರೂ ಬೇಕಿದ್ದರೆ ಬಂದು ತಗೊಂಡು ಹೋಗಿ. 5×120. ಗುಂಡು ತಲೆ ಬೋಲ್ಟ್ ನೀವೇ ತರಬೇಕು.