ಮಾರುತ್‌ಗೆ ಬಣ್ಣ ಹೊಡೆಯಲು ಒಂದು ಕಂಪ್ರೆಸರ್

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹೊರಗೆ ನಿಂತಿರುವ ಎಚ್‌ಎಫ್-24 ಮಾರುತ್ ವಿಮಾನವನ್ನು ಬೆಂಗಳೂರಿನವರು ಬಹಳ ಜನ ನೋಡಿರುತ್ತೀರಿ. ಜರ್ಮನಿಯ ಕರ್ಟ್ ಟ್ಯಾಂಕ್ ಇಲ್ಲೇ ಎಚ್‌ಎಎಲ್‌ನಲ್ಲಿ ಕೂತು ವಿನ್ಯಾಸ ಮಾಡಿದ ಫೈಟರ್ ಅದು. ಮೊದಲ ಸಲ ಹಾರಿದ್ದು 1961ರ ಜೂನ್‌ನಲ್ಲಿ. ಅದರ 1/72 ಅಳತೆಯ ಮಾಡೆಲ್ ಕಿಟ್ ಜೋಡಿಸಿ ಮುಗಿಸಿದ್ದೆ, ಬಣ್ಣ ಮಾತ್ರ ಬಾಕಿ. ಉದ್ದ ಬರೀ 22 ಸೆಂಟಿಮೀಟರ್. ಅಷ್ಟಕ್ಕೆ ಬ್ರಷ್ ಸಾಕಲ್ವಾ ಅನ್ನಬಹುದು. ಸಾಕಾಗುವುದಿಲ್ಲ. ನಿಜವಾದ ವಿಮಾನದಲ್ಲಿ ಎರಡು ಬಣ್ಣ ಸೇರುವ ಕಡೆ ಏಳು ಸೆಂಟಿಮೀಟರ್ ಅಗಲಕ್ಕೆ ಒಂದರೊಳಗೊಂದು ಕರಗಿದ್ದರೆ, ಮಾಡೆಲ್ ಮೇಲೆ ಅದು ಒಂದೇ ಮಿಲಿಮೀಟರ್. ಅದನ್ನು ಕೂದಲಿನ ಬ್ರಷ್‌ನಲ್ಲಿ ತರುವುದು ನನ್ನ ಕೈಲಾಗದ ಕೆಲಸ.

ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಆಗಲೇ ಇತ್ತು. 0.3 ಮಿಲಿಮೀಟರ್ ನಾಝಲ್, ಮೇಲೆ ಪುಟ್ಟ ಬಣ್ಣದ ಬಟ್ಟಲು. ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಗಾಳಿ ಕೊಡುವ ಕಂಪ್ರೆಸರ್ ಬೇಕಿತ್ತು. ಪೀಣ್ಯದ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುವ ಭಾವನನ್ನು ಕರೆದುಕೊಂಡು ಒಂದು ಶನಿವಾರ ಎಸ್‌ಪಿ ರೋಡಿಗೆ ಹೋದೆ. "ಆಟದ ಸಾಮಾನಿಗೆ ಕಂಪ್ರೆಸರ್ರಾ? ಸೈಕಲ್ ಪಂಪ್ ಸಾಕಿತ್ತಲ್ಲೋ" ಅಂತ ಮೆಟ್ರೋದಲ್ಲೇ ಶುರು ಮಾಡಿದ್ದರು.

ಬ್ಯಾಗಿನಲ್ಲಿ ನನ್ನ ಏರ್‌ಬ್ರಷ್, ಹೋಸ್, ಒಂದು ಬಾಟಲಿ ನೀರು, ಇಂಕು, ಹಳೇ ಪೇಪರ್ ಇತ್ತು. ಡಬ್ಬಿ ಮೇಲೆ ಬರೆದಿದ್ದನ್ನು ನಂಬಿ ಮೋಟಾರು ತೆಗೆದುಕೊಳ್ಳುವವನಲ್ಲ ನಾನು.

ಮೊದಲನೇ ಅಂಗಡಿಯವರು ಗ್ಯಾರೇಜ್‌ಗಳಲ್ಲಿ ಇರುವಂಥದ್ದನ್ನು ಎಳೆದು ತಂದರು. ಒಂದು ಎಚ್‌ಪಿ, 24 ಲೀಟರ್ ಟ್ಯಾಂಕ್, ಕೆಳಗೆ ಗಾಲಿ. "ಸಾರ್, ಇದ್ರಲ್ಲಿ ಕಾರ್‌ಗೇ ಪೇಂಟ್ ಹೊಡೀಬಹುದು!" ಸ್ವಿಚ್ ಹಾಕಿದರು. ಪಕ್ಕದ ಅಂಗಡಿಯವರು ತಿರುಗಿ ನೋಡಿದರು. ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ, ಕೆಳಗೆ ಓನರ್ ಆಂಟಿ. ನಾನು ಪೇಂಟ್ ಮಾಡೋದು ರಾತ್ರಿ ಒಂಬತ್ತರ ಮೇಲೆ. ಇದು ಬಂದರೆ ನಾನು ಆಚೆ.

ಭಾವನಿಗೆ ಮಾತ್ರ ಅದು ಹಿಡಿಸಿತು, ಅವರ ಲೆಕ್ಕ ಸುಳ್ಳೂ ಅಲ್ಲ. "ಸಾಯಂಕಾಲವೇ ಎಂಟು ಬಾರ್ ತುಂಬಿಸಿಟ್ಕೋ. ರಾತ್ರಿ ಮೋಟಾರ್ ಹಾಕೋದೇ ಬೇಡ." ಬಾರ್ ಅಂದರೆ ಗಾಳಿಯ ಒತ್ತಡದ ಅಳತೆ. ನನ್ನ ಬ್ರಷ್ ನಿಮಿಷಕ್ಕೆ ಸುಮಾರು ಹತ್ತು ಲೀಟರ್ ಗಾಳಿ ತಿನ್ನುತ್ತದೆ ಅಂದುಕೊಂಡರೆ, ಆ ಟ್ಯಾಂಕ್ ಎಂಟು ಬಾರ್‌ನಿಂದ ಒಂದೂವರೆಗೆ ಇಳಿಯುವಷ್ಟರಲ್ಲಿ ಕಾಲು ಗಂಟೆ ಎಡೆಬಿಡದೆ ಗಾಳಿ ಸಿಗುತ್ತದೆ. ಟ್ರಿಗರ್ ಬಿಟ್ಟು ಬಿಟ್ಟು ಒತ್ತುವ ಕೆಲಸಕ್ಕೆ ಕಾಲು ಗಂಟೆ ಬಹಳವೇ ಆಯಿತು. ಹಿತ್ತಲಲ್ಲಿ ಶೆಡ್ ಇರುವ ಮನೆಯಾದರೆ ನಾನೂ ಅದನ್ನೇ ಹೊತ್ತು ತರುತ್ತಿದ್ದೆ.

ಮುಂದಿನ ಅಂಗಡಿಯಲ್ಲಿ ಅಂಗೈಯಗಲದ, ಟ್ಯಾಂಕೇ ಇಲ್ಲದ ಪಂಪ್. ಸದ್ದು ಕಡಿಮೆ, ರೇಟೂ ಕಡಿಮೆ. ಇಂಕು ಬೆರೆಸಿದ ನೀರು ಹಾಕಿ ಪೇಪರ್ ಮೇಲೆ ತೆಳ್ಳಗೆ ಒಂದು ಗೆರೆ ಎಳೆದೆ. ದೂರದಿಂದ ನೆಟ್ಟಗೇ ಇತ್ತು. ಕಣ್ಣ ಹತ್ತಿರ ತಂದರೆ ದಪ್ಪ, ಸಣ್ಣ, ದಪ್ಪ, ಸಣ್ಣ, ಮಣಿ ಪೋಣಿಸಿದ ಹಾಗೆ. ಪಂಪ್ ಒಂದೊಂದು ಸಲ ತಳ್ಳಿದಾಗಲೂ ಗಾಳಿ ಉಬ್ಬಿ ಇಳಿಯುತ್ತದೆ. ನಡುವೆ ಟ್ಯಾಂಕ್ ಇದ್ದರೆ ಆ ಏರಿಳಿತ ಅಲ್ಲೇ ಸತ್ತುಹೋಗುತ್ತದೆ. ಅಗಲವಾಗಿ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ತಳಪದರ, ಹೊಡೆಯೋಕೆ ಈ ಪಂಪ್ ನಡೆಯುತ್ತದೆ. ಒಂದು ಮಿಲಿಮೀಟರ್ ಅಂಚಿಗೆ ಆಗಿಬರುವುದಿಲ್ಲ.

ಅಲ್ಲಿಂದ ಆಚೆಗೆ ಒಬ್ಬರು ಹಳೇ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿ ಮಾಡಿದ್ದನ್ನು ತೋರಿಸಿದರು. ಓಡುತ್ತಿದೆಯೋ ಇಲ್ಲವೋ ಅಂತ ಮುಟ್ಟಿ ನೋಡಬೇಕು, ಅಷ್ಟು ಮೆತ್ತಗಿನ ಸದ್ದು. ಆಸೆ ಆಯಿತು, ಸುಳ್ಳು ಹೇಳಲ್ಲ. ಆದರೆ ಅದರ ಹೊಟ್ಟೆಯಲ್ಲಿ ಎಣ್ಣೆ ಇರುತ್ತದೆ. ಗಾಳಿಯ ಜೊತೆ ತೆಳುವಾಗಿ ಆ ಎಣ್ಣೆಯೂ ಬರುತ್ತದೆ, ಎಣ್ಣೆ ಬಿದ್ದ ಜಾಗದಲ್ಲಿ ಅಕ್ರಿಲಿಕ್ ಬಣ್ಣ ನಿಲ್ಲದೆ ಕಣ್ಣು ಕಣ್ಣಾಗಿ ಬಿಟ್ಟುಕೊಳ್ಳುತ್ತದೆ. ಒಳ್ಳೇ ಫಿಲ್ಟರ್ ಹಾಕಿ ಅದನ್ನು ತಡೆಯಬಹುದು. ಭಾವ ನೋಡಿದ್ದು ಬೇರೆಯದನ್ನು. ಟ್ಯಾಂಕ್ ಅಂತ ಬೆಸೆದಿದ್ದು ಹಳೇ ಬೆಂಕಿ ನಂದಿಸುವ ಸಿಲಿಂಡರ್. ಒತ್ತಡ ಏರಿದಾಗ ಮೋಟಾರ್ ನಿಲ್ಲಿಸುವ ಪ್ರೆಷರ್ ಸ್ವಿಚ್ ಇಲ್ಲ, ಮಿತಿ ಮೀರಿದ ಗಾಳಿಯನ್ನು ಹೊರಬಿಡುವ ಸೇಫ್ಟಿ ವಾಲ್ವ್ ಇಲ್ಲ. "ನಡಿ, ನಡಿ" ಅಂದರು. ಪೀಣ್ಯದಲ್ಲಿ ಇಷ್ಟು ವರ್ಷ ಇದ್ದವರು ಹಾಗಂದರೆ ಚರ್ಚೆ ಮಾಡಬಾರದು.

ಕೊನೆಗೆ ಕೈಗೆ ಬಂದಿದ್ದು ಎಣ್ಣೆ ಬೇಡದ ಪಿಸ್ಟನ್ ಕಂಪ್ರೆಸರ್. ಆರನೇ ಒಂದು ಎಚ್‌ಪಿ, ನಿಮಿಷಕ್ಕೆ 20 ಲೀಟರ್ ಚಿಲ್ಲರೆ, ಮೂರು ಲೀಟರ್ ಟ್ಯಾಂಕ್. ನಾಲ್ಕು ಬಾರ್ ಮುಟ್ಟಿದರೆ ತಾನೇ ನಿಲ್ಲುತ್ತದೆ, ಮೂರಕ್ಕೆ ಇಳಿದರೆ ತಾನೇ ಶುರು. ಫೋನ್ ಹಿಡಿದು ನೋಡಿದೆ, ಖಾಲಿ ಟ್ಯಾಂಕ್ ತುಂಬೋಕೆ ಒಂದು ನಿಮಿಷದ ಆಸುಪಾಸು. ಅದೇ ಪೇಪರ್ ಮೇಲೆ ಗೆರೆ ಎಳೆದೆ. ಒಂದೇ ಸಮ ಬಂತು.

ಅಂಗಡಿಯಲ್ಲಿ ಎಲ್ಲರೂ ಕೇಳೋದು ಎಷ್ಟು ಪ್ರೆಷರ್ ಹೋಗುತ್ತದೆ ಅಂತ. ಮಾಡೆಲ್‌ಗೆ ಬೇಕಾಗೋದು 15ರಿಂದ 25 ಪಿಎಸ್‌ಐ, ಅಂದರೆ ಒಂದು ಬಾರ್‌ನಿಂದ ಒಂದೂಮುಕ್ಕಾಲು. ಗೆರೆ ಸಣ್ಣದಾದಷ್ಟೂ ಇನ್ನೂ ಕಡಿಮೆ. ಹಾಗಾಗಿ ನಾನು ಮೀಟರ್ ಮುಳ್ಳನ್ನು ನೋಡಿದ್ದು ಟ್ರಿಗರ್ ಒತ್ತಿದ ಮೇಲೆ. ಸುಮ್ನೆ ಇದ್ದಾಗ 20 ತೋರಿಸುತ್ತಿದ್ದ ಮುಳ್ಳು ಗಾಳಿ ಬಿಟ್ಟಾಗ 16ಕ್ಕೆ ಇಳಿದು ಅಲ್ಲೇ ನಿಂತಿತು. ಇಳಿಯೋದು ಸಹಜ. ನಿಲ್ಲದೆ ಅಲ್ಲಾಡುತ್ತಿದ್ದರೆ ಎದ್ದು ಬರಬೇಕು.

ನೀರಿನ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ರಗಳೆ ಮಾಡಿದೆ. ಗಾಳಿಯನ್ನು ಒತ್ತಿದರೆ ಅದರಲ್ಲಿರುವ ತೇವ ನೀರಾಗುತ್ತದೆ. ಬಿಸಿ ಗಾಳಿ ಹೋಸ್‌ನಲ್ಲಿ ತಣ್ಣಗಾಗುತ್ತಾ ಬರುವಾಗ ಇನ್ನಷ್ಟು. ಮಳೆಗಾಲದಲ್ಲಿ ಬೆಂಗಳೂರಿಗೇ ಹೀಗಾದರೆ ಮಂಗಳೂರಿನಲ್ಲಿ ಕೇಳಲೇಬೇಡಿ. ಅಲ್ಲಿರುವ ನನ್ನ ಗೆಳೆಯನ ಮಾಡೆಲ್ ಒಂದರ ಕೊನೆಯ ವಾರ್ನಿಷ್ ಮೇಲೆ ಒಂದೇ ಒಂದು ಹನಿ ಹಾರಿ ಬಿದ್ದು ರೆಕ್ಕೆ ಪೂರ್ತಿ ಉಜ್ಜಿ ತೆಗೆಯಬೇಕಾಯಿತು. ಪ್ರೆಷರ್ ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರ್ ಕೆಳಗೆ ನೀರು ಹಿಡಿಯಲು ಇರುವ ಗಾಜಿನಂಥ ಬಟ್ಟಲು ಸಾಲದು ಅಂತ ಬ್ರಷ್ ಬುಡಕ್ಕೇ ಸಿಕ್ಕಿಸುವ ಇನ್ನೊಂದು ಪುಟ್ಟ ವಾಟರ್ ಟ್ರ್ಯಾಪ್ ತೆಗೆದುಕೊಂಡೆ. ಅಂಗಡಿಯವರಿಗೆ ಅದು ಅನಾವಶ್ಯಕ ಅನ್ನಿಸಿತು. ಅನ್ನಿಸಲಿ.

ಮನೆಗೆ ಬಂದು ಹೋಸ್ ಜೋಡಿಸುವ ಹೊತ್ತಿಗೆ ಕಂಪ್ರೆಸರ್ ಕಡೆಯ ಥ್ರೆಡ್ ಕಾಲು ಇಂಚು, ಬ್ರಷ್ ಕಡೆಯದು ಎಂಟನೇ ಒಂದು ಇಂಚು. ಅಡಾಪ್ಟರ್ ಕೇಳಿ ತಂದಿದ್ದರಿಂದ ಬಚಾವ್. ಟೆಫ್ಲಾನ್ ಟೇಪ್ ಸುತ್ತಿ, ಭಾವ ಜಾಯಿಂಟ್‌ಗಳಿಗೆಲ್ಲ ಸೋಪಿನ ನೀರು ಸವರಿದರು. ಒಂದು ಕಡೆ ಸಣ್ಣ ಗುಳ್ಳೆ ಎದ್ದಿತು, ಇನ್ನರ್ಧ ಸುತ್ತು ಬಿಗಿ ಮಾಡಿದರು. ಟ್ರಿಗರ್ ಮುಟ್ಟದೇ ಇದ್ದಾಗಲೂ ಮೋಟಾರ್ ಆಗಾಗ ತಾನೇ ಶುರುವಾದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಕಂಪ್ರೆಸರ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದ ಮೇಲೆ ನೆಲದ ಅದುರುವಿಕೆಯೂ ಹೋಯಿತು. ಪಕ್ಕದ ರೂಮಿನಲ್ಲಿ ಸೀರಿಯಲ್ ನೋಡುತ್ತಿದ್ದ ಅಮ್ಮ ಟಿವಿ ಸೌಂಡ್ ಜಾಸ್ತಿ ಮಾಡಲಿಲ್ಲ. ನನಗೆ ಡೆಸಿಬಲ್ ಮೀಟರ್ ಅಂದರೆ ಅಮ್ಮನೇ.

ಅವತ್ತು ರಾತ್ರಿ ಪ್ರೈಮರ್, ಮರುದಿನ ಮೊದಲ ಬಣ್ಣ. ಎರಡನೇ ಬಣ್ಣಕ್ಕೆ ಪ್ರೆಷರ್ ಇಳಿಸಿ, ಬಣ್ಣ ಇನ್ನಷ್ಟು ತೆಳು ಮಾಡಿ, ಬ್ರಷ್ ಹತ್ತಿರ ತಂದು ಹೊಡೆದೆ. ಅಂಚು ಬಂತು. ಎಡ ರೆಕ್ಕೆಯಲ್ಲಿ ಬಲಕ್ಕಿಂತ ಚೆನ್ನಾಗಿ ಬಂದಿದೆ. "ಇದಕ್ಕಾ ಇಷ್ಟೆಲ್ಲಾ?" ಅಂತ ಕೇಳಿದ ಭಾವ ಈಗ ತಮ್ಮ ಬುಲೆಟ್ ಟ್ಯಾಂಕಿನ ಗೀರು ಮುಚ್ಚೋಕೆ ಬ್ರಷ್ ಒಂದು ದಿನ ಕೊಡು ಅಂತಿದ್ದಾರೆ. ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಕೊಟ್ಟರೆ ಕೊಡ್ತೀನಿ ಅಂದಿದ್ದೇನೆ. ಸದ್ಯಕ್ಕೆ ಮಾಸ್ಕ್ ಕಟ್ಟಿಕೊಂಡು, ಕಿಟಕಿ ತೆಗೆದುಕೊಂಡು ನಡೆಯುತ್ತಿದೆ.