ಮಿಷನ್ ಇದ್ದರೂ ನಾಲಿಗೆ ಯಾಕೆ ಬೇಕು?

ಶಿವಮೊಗ್ಗ ಹತ್ತಿರದ ಒಂದು ಉಪ್ಪಿನಕಾಯಿ ಘಟಕದಲ್ಲಿ ಗುಣಮಟ್ಟ ನೋಡಿಕೊಳ್ಳುವುದು ನನ್ನ ಕೆಲಸ. ಮದುವೆ ಮನೆಯಲ್ಲಿ, ಸಾಗರದ ಬಸ್ಸಿನಲ್ಲಿ, ಎಲ್ಲಿ ಸಿಕ್ಕರೂ ಜನ ಕೇಳುವ ಪ್ರಶ್ನೆ ಒಂದೇ: "ಈಗ ಲ್ಯಾಬ್ ಇದೆ, ಮಿಷನ್ ಇದೆ. ಮತ್ತೆ ನೀವೆಲ್ಲ ಕೂತು ರುಚಿ ನೋಡೋದು ಯಾಕೆ?"

ಮಿಷನ್ ಮಾಡುವ ಕೆಲಸವನ್ನು ಮೊದಲು ಹೇಳುತ್ತೇನೆ. ಉಪ್ಪಿನ ಪ್ರಮಾಣಕ್ಕೆ ನಾಲಿಗೆಯನ್ನು ನಂಬುವುದಿಲ್ಲ, ಸಿಲ್ವರ್ ನೈಟ್ರೇಟ್ ಹಾಕಿ ಅಳೆಯುತ್ತೇವೆ. ಹುಳಿಗೆ ಪಿಎಚ್ ಮೀಟರ್ ಇದೆ, ಹುಳಿ ಹೆಚ್ಚಿದಷ್ಟೂ ಪಿಎಚ್ ಅಂಕಿ ಇಳಿಯುತ್ತದೆ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬಾಟುಲಿಸಂ ಅನ್ನುವ ಜೀವಕ್ಕೇ ಕುತ್ತು ತರುವ ಕಾಯಿಲೆಯ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಆ ಬ್ಯಾಕ್ಟೀರಿಯಾದ ವಿಷ ಸೇರಿದ ಆಹಾರ ನೋಡಲು, ಮೂಸಲು ಚೆನ್ನಾಗಿಯೇ ಇರಬಹುದು. ಬೂಸ್ಟು ಹಿಡಿದ ಮೆಣಸಿನಕಾಯಿಯ ಅಫ್ಲಾಟಾಕ್ಸಿನ್ ಅನ್ನುವ ವಿಷ ಕೂಡ ನಾಲಿಗೆಗೆ ಗೊತ್ತಾಗುವುದಿಲ್ಲ. ಅದಕ್ಕೇ ಈ ಪರೀಕ್ಷೆ ದಾಟದ ಬ್ಯಾಚನ್ನು ನಾವು ಯಾರ ಬಾಯಿಗೂ ಕೊಡುವುದಿಲ್ಲ. "ರುಚಿ ಚೆನ್ನಾಗಿದೆ, ಕೆಟ್ಟಿಲ್ಲ ಬಿಡಿ" ಅನ್ನುವ ಮಾತು ಮನೆಯಲ್ಲೂ ಬೇಡ.

ಆದರೆ ಮಿಷನ್ ನಾವು ಕೇಳಿದ್ದನ್ನು ಮಾತ್ರ ಹೇಳುತ್ತದೆ. ಏನನ್ನು ಕೇಳಬೇಕು ಅಂತ ಮೊದಲು ತಿಳಿಯುವುದು ಮೂಗಿಗೆ.

ಒಂದು ಮಳೆಗಾಲದ ಮಾತು. ಬೇಸಿಗೆಯಲ್ಲಿ ಉಪ್ಪಿಗೆ ಹಾಕಿದ್ದ ಅಪ್ಪೆಮಿಡಿ, ಅಂದರೆ ಘಮದ ಎಳೆ ಮಾವಿನಕಾಯಿ, ಚೆನ್ನಾಗಿ ಸುಕ್ಕುಗಟ್ಟಿತ್ತು. ಸಾಸಿವೆ, ಮೆಣಸಿನಪುಡಿ ಕಲೆಸಿ ಹೊಸ ಬ್ಯಾಚ್ ಮಾಡಿದೆವು. ಉಪ್ಪು ಸರಿ, ಪಿಎಚ್ ಸರಿ, ಬಣ್ಣವೂ ಸರಿ. ಮಿಡಿಯ ತೊಟ್ಟಿನ ಹತ್ತಿರ ಹಲ್ಲೂರಿದರೆ ಕಟುಂ ಅನ್ನುತ್ತಿತ್ತು. ಒಳಗಿನ ಎಳೆ ಓಟೆ ಹಲ್ಲಿಗೆ ಸಿಕ್ಕು ಒಡೆಯುವಾಗ ಸೊನೆಯ ಆ ಘಮ ಮೂಗಿನ ಹಿಂದಿನಿಂದ ಏರಿ ಬರುತ್ತದಲ್ಲ, ಅದೂ ಇತ್ತು. ನನ್ನ ಮಟ್ಟಿಗೆ ಬ್ಯಾಚ್ ಪಾಸ್.

ಮಿಡಿ ವಿಂಗಡಿಸುವ ಹಿರಿಯ ಹೆಂಗಸೊಬ್ಬರು ಮುಚ್ಚಳ ತೆಗೆದು ಒಂದೇ ಸಲ ಮೂಸಿದರು. "ಇದಕ್ಕೆ ಹಸಿ ಗೋಣಿ ವಾಸ್ನೆ ಬಂದಿದೆ" ಅಂದರು. ನಾನು ಮೂಸಿದೆ. ಏನೂ ಸಿಗಲಿಲ್ಲ. ಇನ್ನೊಬ್ಬರಿಗೂ ಸಿಗಲಿಲ್ಲ. ಹಾಗಂತ ಅವರ ಮಾತನ್ನು ಸುಮ್ನೆ ತಳ್ಳಿಹಾಕಲು ಮನಸ್ಸು ಒಪ್ಪಲಿಲ್ಲ.

ಇಂಥ ಹೊತ್ತಿಗೆಂದೇ ತ್ರಿಕೋನ ಪರೀಕ್ಷೆ ಇದೆ. ಒಬ್ಬೊಬ್ಬರಿಗೆ ಮೂರು ಬಟ್ಟಲು. ಎರಡರಲ್ಲಿ ಒಂದೇ ಬ್ಯಾಚು, ಇನ್ನೊಂದರಲ್ಲಿ ಬೇರೆಯದು. ಬಟ್ಟಲಿನ ಮೇಲೆ 417, 862 ಅಂತ ಏನೋ ಒಂದು ಅಂಕಿ, ಅಷ್ಟೇ. ಒಂದು, ಎರಡು ಅಂತ ಬರೆದರೆ ಒಂದನೆಯದೇ ಒಳ್ಳೆಯದು ಅಂತ ಮನಸ್ಸು ತಾನೇ ವಾಲುತ್ತದೆ. ಬಣ್ಣ ನೋಡಿ ಹೇಳಬಾರದು ಅಂತ ಕೆಂಪು ದೀಪ. ಇಟ್ಟ ಕ್ರಮವೂ ಎಲ್ಲರಿಗೂ ಒಂದೇ ಅಲ್ಲ. ಆಮೇಲೆ ಪ್ರಶ್ನೆ ಒಂದೇ: ಇದರಲ್ಲಿ ಬೇರೆ ಯಾವುದು? "ಇಷ್ಟ ಆಯ್ತಾ" ಅಂತ ಇಲ್ಲಿ ಕೇಳುವುದೇ ಇಲ್ಲ. ತೀರ್ಥಹಳ್ಳಿಯವರ ಇಷ್ಟ ಬೇರೆ, ಹೊಸನಗರದವರ ಇಷ್ಟ ಬೇರೆ. ಅದನ್ನು ಕೊಳ್ಳುವವರ ಹತ್ತಿರ ಕೇಳಬೇಕು, ಅದಕ್ಕೆ 9 ಅಂಕದ ಬೇರೆ ಪಟ್ಟಿಯೇ ಇದೆ.

ಅವತ್ತು ಬೆಳಿಗ್ಗೆ ಹತ್ತೂವರೆಗೆ 12 ಜನ ಕೂತರು. ಒಂದು ಗಂಟೆ ಮೊದಲಿನಿಂದ ಕಾಫಿ ಇಲ್ಲ, ಕವಳ (ಎಲೆ ಅಡಿಕೆ) ಇಲ್ಲ. ನಮ್ಮ ಕಡೆ ಕವಳ ಬಿಡಿಸುವುದೇ ದೊಡ್ಡ ಕೆಲಸ. ಮಲ್ಲಿಗೆ ಮುಡಿದು ಬಂದವರು ಹೂವನ್ನು ಹೊರಗೆ ತೆಗೆದಿಟ್ಟು ಬಂದರು. ಖಾರ ನಾಲಿಗೆ ಮೇಲೆ ಕೂತುಬಿಡುತ್ತದೆ, ನೀರಿಗೆ ಹೋಗುವುದಿಲ್ಲ. ಅದಕ್ಕೆ ಒಂದೊಂದು ಬಟ್ಟಲು ಮುಗಿದ ಮೇಲೂ ಒಂದು ಗುಟುಕು ಹಾಲು, ಎರಡು ತುತ್ತು ಸಪ್ಪೆ ಅನ್ನ.

ಕಣ್ಣು ಮುಚ್ಚಿ ಊಹೆ ಮಾಡಿದರೂ 12ರಲ್ಲಿ 4 ಜನ ಸರಿ ಹೇಳುವ ಸಾಧ್ಯತೆ ಇರುತ್ತದೆ. ಅದಕ್ಕೇ ಕನಿಷ್ಠ 8 ಜನ ಹಿಡಿದರೆ ಮಾತ್ರ ವ್ಯತ್ಯಾಸ ನಿಜ ಅಂತ ಒಪ್ಪುತ್ತೇವೆ. ಅವತ್ತು ಹಿಡಿದವರು 10 ಜನ. ಹಿಡಿಯದ ಇಬ್ಬರಲ್ಲಿ ನಾನೂ ಒಬ್ಬಳು.

ಹುಡುಕುತ್ತಾ ಹೋದಾಗ ಗೋದಾಮಿನಲ್ಲಿ ಕಾರಣ ಸಿಕ್ಕಿತು. ಸಾಸಿವೆ ಚೀಲಗಳನ್ನು ಗೋಡೆಗೆ ಒತ್ತಿ ಪೇರಿಸಿದ್ದರು. ಆಷಾಢದ ಮಳೆಗೆ ಗೋಡೆ ಬೆವರಿ ಗೋಣಿಗೆ ಥಂಡಿ ಹಿಡಿದಿತ್ತು. ಹಿಂದಿನ ಸಾಲಿನ ಚೀಲ ಮುಟ್ಟಿದರೆ ಕೈಗೆ ತಣ್ಣಗೆ ಹತ್ತುತ್ತಿತ್ತು. ಇಂಥ ಮುಗ್ಗಲು ವಾಸನೆ ತರುವ ವಸ್ತುಗಳಲ್ಲಿ ಟಿಸಿಎ ಅನ್ನುವುದೊಂದು. ಕ್ಲೋರೀನ್ ಇರುವ ಕೆಲವು ರಾಸಾಯನಿಕ ಸೋಕಿದ ಮರ, ರಟ್ಟು, ಗೋಣಿಗೆ ಬೂಸ್ಟು ಬಂದಾಗ ಅದು ಹುಟ್ಟುತ್ತದೆ. ನೀರಿನಲ್ಲಿ ಲಕ್ಷ ಕೋಟಿಗೆ ಕೆಲವೇ ಪಾಲು ಇದ್ದರೂ ಚುರುಕಾದ ಮೂಗಿಗೆ ಸಿಗುತ್ತದೆ. ಅಳೆಯುವ ಯಂತ್ರ ಇಲ್ಲ ಅಂತಲ್ಲ, ಇದೆ. ಆದರೆ ಅದನ್ನೇ ಹುಡುಕಿ ಅಂತ ಯಾರಾದರೂ ಬರೆದು ಕಳಿಸಬೇಕು ಅಲ್ವಾ? ಉಪ್ಪು, ಹುಳಿ ನೋಡಿ ಅಂತ ಕಳಿಸಿದರೆ ಉಪ್ಪು, ಹುಳಿಯ ವರದಿ ಬರುತ್ತದೆ.

ಆ ಬ್ಯಾಚ್ ಅಂಗಡಿಗೆ ಹೋಗಲಿಲ್ಲ. ನಷ್ಟ ಜಾಸ್ತಿಯೇ ಆಯಿತು. ವರ್ಷಕ್ಕೊಮ್ಮೆ ಬರುವ ಮಿಡಿ, ಹೊಳೆದಂಡೆಯ ಎತ್ತರದ ಮರ ಹತ್ತಿ, ಸೊನೆ ಚೆಲ್ಲದ ಹಾಗೆ ತೊಟ್ಟು ಸಮೇತ ಕೊಯ್ದು ತಂದಿದ್ದು. ಅದು ನನಗೆ ಈಗಲೂ ನೋವು.

ಈಗ ಚೀಲಗಳು ನೆಲ ಬಿಟ್ಟು, ಗೋಡೆಯಿಂದ ಒಂದು ಮೊಳ ಆಚೆ ಇರುತ್ತವೆ. ಹೊಸ ಸಾಸಿವೆ ಬಂದ ದಿನ ಮೊದಲ ಚೀಲ ಬಿಚ್ಚುವುದು ಆ ಹೆಂಗಸಿನ ಮುಂದೆ. ಒಂದು ಹಿಡಿ ಸಾಸಿವೆಯನ್ನು ಬಿಸಿನೀರಿಗೆ ಹಾಕಿ ತಟ್ಟೆ ಮುಚ್ಚುತ್ತೇವೆ. ಐದು ನಿಮಿಷ ಬಿಟ್ಟು ಅವರು ತಟ್ಟೆ ಸರಿಸಿ ಮೂಸುತ್ತಾರೆ. ಸ್ಯಾಂಪಲ್ ಲ್ಯಾಬಿಗೆ ಹೋಗುವುದು ಆಮೇಲೆ.